ಬಾಗಿಲು ಹೆರೆಯಲು ಬಿಡದವರು

ನನಗೆ ಆಗ ಐವತ್ತೈದು. ಅದಕ್ಕೀಗ ಹನ್ನೆರಡು ವರ್ಷ. ನರಸಿಂಹರಾಜಪುರದ ಆ ಹಾರ್ಡ್‌ವೇರ್ ಅಂಗಡಿಯವರ ಎಡಗೈ ಹೆಬ್ಬೆರಳಿನ ಉಗುರು ಎರಡಾಗಿ ಸೀಳಿ ಬೆಳೆದಿತ್ತು. ಯಾವತ್ತೋ ಬಿದ್ದ ಸುತ್ತಿಗೆಯ ಏಟು. ಆ ಸೀಳಿಗೆ ಸ್ಕ್ರೂ ಸಿಕ್ಕಿಸಿ, ಗಿರಾಕಿಯ ಮುಖದ ಮುಂದೆ ಆಡಿಸುತ್ತ ಬೈಯುತ್ತಿದ್ದರು.

ಮಗಳು ಬಾಣಂತಿಯಾಗಿ ನನ್ನ ಮನೆಯಲ್ಲಿದ್ದಳು. ಮಳೆ ಹಿಡಿದ ಮೇಲೆ ಹಿಂದಿನ ಬಾಗಿಲು ನೆಲಕ್ಕೆ ಉಜ್ಜಿ ಚಿಲಕ ಬೀಳದಾಯಿತು. ಬೀದಿ ನಾಯಿ ಒಳಗೆ ಬಂದು ಮಗುವಿನ ಹಾಸಿಗೆ ಮೂಸಿತು. ಬಾಗಿಲು ಮುಚ್ಚದೆ ನಾನು ಎಸ್ಟೇಟಿನ ಕೆಲಸಕ್ಕೆ ಹೋಗುವಂತಿಲ್ಲ. ಹೋಗದಿದ್ದರೆ ಮೇಸ್ತ್ರಿ ಬೇರೆಯವರನ್ನು ಕರೆಯುತ್ತಾನೆ. ಬಡಗಿ ನಾಳೆ ನಾಳೆ ಎನ್ನುತ್ತಿದ್ದ. ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ, ಮರ ಉಬ್ಬಿತೆಂದು ನಮ್ಮ ಕಡೆ ಎಲ್ಲರೂ ಅದರ ಅಡಿ ಹೆರೆಯುತ್ತಾರೆ. ನಾನೂ ಅಂಗಡಿಗೆ ಹೋಗಿ, ನಾಯಿಯ ಕತೆ ಹೇಳಿ, ಹೆರೆಯಲು ಹತ್ತರಿ ಕೇಳಿದೆ.

“ಮನೇಲಿ ಗಂಡಸ್ರಿಲ್ವನಾ?” ಎಂದರು.

“ಇದ್ದ. ಸತ್ತ. ಇದ್ದಾಗ್ಲೂ ಒಂದು ಮೊಳೆ ಹೊಡೆದವನಲ್ಲ.”

ಅವರು ನಗಲಿಲ್ಲ. “ಹತ್ತರಿ ಕೊಡೂದಿಲ್ಲ ಮಾರಾಯ್ತಿ. ಈಗ ಹೆರೆದ್ರೆ ಬೇಸಿಗೇಲಿ ಸಂದಿ ಬಿಟ್ಟು ಹಾವೂ ಬರ್ತದೆ. ಚಿಲಕದ ಕಡೆ ಹಿಡಿದು ಬಾಗಿಲು ಎತ್ತಿ ನೋಡಿದ್ಯಾ? ಎದ್ರೆ ಚೌಕಟ್ಟಿಗೆ ಬಾಗಿಲು ಹಿಡಿಯೋ ಮೇಲಿನ ಬಿಜಾಗ್ರಿ ಸಡಿಲ ಅಂತ ಲೆಕ್ಕ.”

“ದಿನಾ ಎತ್ತಿಯೇ ತಳ್ಳೋದು ಅಣ್ಣ.”

“ಮತ್ತೆ? ಬಾಗಿಲು ಹೇಳ್ತಾ ಇದೆ, ನಿಂಗೆ ಕಿವಿ ಇಲ್ಲ.”

ಹತ್ತರಿಯ ಬದಲು ಸ್ಕ್ರೂಡ್ರೈವರ್ ಕೊಟ್ಟರು. ಗಲ್ಲಾದ ಪಕ್ಕ ತೂತುಬಿದ್ದ ಹಲಸಿನ ಹಲಗೆ ಇತ್ತು. ಯಾರೇ ಸ್ಕ್ರೂಡ್ರೈವರ್ ಕೊಂಡರೂ ಅದರಲ್ಲಿ ಒಂದು ಸ್ಕ್ರೂ ಕೂರಿಸಿ ತೋರಿಸಬೇಕು. “ಹಾಳು ಮಾಡೋದಿದ್ರೆ ಇಲ್ಲೇ ಮಾಡು” ಎನ್ನುವುದು ಅವರ ಮಾತು. ನನ್ನದು ಸೊಟ್ಟ ಹೋಯಿತು. ತೆಗೆಸಿದರು. ಮತ್ತೆ ಸೊಟ್ಟ. ಹಿಂದೆ ನಿಂತವರು ಗೊಣಗಿದರು. “ಕಾಯ್ರಿ, ನಿಮ್ಮನೆಗೇನು ನಾಯಿ ಬಂದಿಲ್ಲ” ಎಂದು ಅಂಗಡಿಯವರು ಗದರಿದರು.

ಮನೆಗೆ ಬಂದು, ಅವರು ಹೇಳಿದಂತೆ ಬಾಗಿಲಿನ ಅಡಿಗೆ ಹಲಗೆ ತುಂಡು ಕೊಟ್ಟು ಎತ್ತರಿಸಿದೆ. ಬಿಜಾಗ್ರಿಯ ಸ್ಕ್ರೂ ತೆಗೆದು, ಹಳೆಯ ತೂತಿಗೆ ಬಿದಿರಿನ ಸೀಳು ತುಂಬಿ, ಸ್ಕ್ರೂಗೆ ಸೋಪು ಸವರಿ ತಿರುಗಿಸಿದೆ. ಚಿಲಕ ಬಿತ್ತು. ಆಮೇಲೆ ನಲ್ಲಿ ಸೋರಿದರೂ ಹೆಂಚು ಜಾರಿದರೂ ನಾನು ಯಾರನ್ನೂ ಕರೆದಿಲ್ಲ.

ಕಳೆದ ಮಾಗಿಯಲ್ಲಿ ಅಂಗಡಿಯವರು ತೀರಿಕೊಂಡರು. ಹೋದೆ. ಮನೆ ತುಂಬ ನೆಂಟರು. ಅವರ ಹೆಂಡತಿ ಒಬ್ಬರೇ ಕೂತು ಅಳಲು ಬಚ್ಚಲಿಗೆ ಹೋದರೆ, ಅಲ್ಲಿಯ ಬಾಗಿಲು ನೆಲ ಕೆರೆದು ಅರ್ಧಕ್ಕೇ ನಿಂತಿತು.

“ಹೇಳಿ ಹೇಳಿ ಸಾಕಾಗಿತ್ತು” ಎಂದರು. “ಊರಿಗೆಲ್ಲ ಪಾಠ ಹೇಳೋರು. ಮನೇದು ಮಾತ್ರ ಭಾನುವಾರ ಮಾಡ್ತೆ, ಭಾನುವಾರ ಮಾಡ್ತೆ ಅಂತ.”

ಮರುದಿನ ಬೆಳಿಗ್ಗೆ ಅವರ ಅಂಗಡಿಯದೇ ಸ್ಕ್ರೂಡ್ರೈವರ್, ಬಿದಿರು, ಸೋಪು ಹಿಡಿದು ಹೋದೆ.

“ಸೂತಕದ ಮನೇಲಿ ಎಂತ ರಿಪೇರಿ?” ಎಂದ ಅವರ ತಮ್ಮ.

“ನಿನ್ನ ಅತ್ತಿಗೆಗೆ ಬಾಗಿಲು ಬೇಕು. ಆ ತುದಿ ಎತ್ತಿ ಹಿಡಿ” ಎಂದೆ. ಹಿಡಿದ.

ಆಮೇಲೆ ಅಂಗಡಿಯವರ ಹೆಂಡತಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಕೆಲಸಕ್ಕೆ ಹೋದೆ.