ನೆಲಕ್ಕೆ ಕೂರುವ ಗಿಟಾರ್

ಕೊರೊನಾ ಗದ್ದಲ ಮುಗಿದ ಮೇಲಿನ ಎರಡನೇ ಮಳೆಗಾಲ. ರಾಯಚೂರಿನ ಕಾನ್ವೆಂಟ್ ಶಾಲೆಯೊಂದರಲ್ಲಿ ಮ್ಯೂಸಿಕ್ ಟೀಚರ್ ಆಗಿದ್ದ ನಾನು ಅಷ್ಟರಲ್ಲಾಗಲೇ ರಿಟೈರ್ ಆಗಿ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಿಟಾರ್ ಕಟ್ಟುತ್ತಿದ್ದೆ. ನಮ್ಮಪ್ಪ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಬೆಳಿಗ್ಗೆ ಕಾನ್ವೆಂಟಿನ ಸಿಸ್ಟರ್ಸ್ ಹತ್ತಿರ ಇಂಗ್ಲಿಷ್ ಹಾಡು, ಸಂಜೆ ಅಪ್ಪನ ಹತ್ತಿರ ಉಳಿ, ಅರ, ಮರ ಅಂಟಿಸುವ ಸರೇಸು. ಹೀಗೆ ಬೆಳೆದವಳಿಗೆ ಮುದುಕಿಯಾದ ಮೇಲೆ ಇನ್ನೇನು ಹವ್ಯಾಸ ಬರಬೇಕು? ವರ್ಷಕ್ಕೆ ಮೂರೋ ನಾಲ್ಕೋ ಆರ್ಡರ್. ಹೆಚ್ಚಿನವರು ಚರ್ಚಿನ ಕ್ವಾಯರ್ ಹುಡುಗರು, ಮದುವೆ ಆರ್ಕೆಸ್ಟ್ರಾದವರು. ಆಗೆಲ್ಲ ಅವರು ಕೇಳುತ್ತಿದ್ದದ್ದು ಬಣ್ಣ. ಆಕಾರದ ಬಗ್ಗೆ ನಾನು ತಲೆಕೆಡಿಸಿಕೊಳ್ಳುವಂತೆ ಮಾಡಿದವಳು ಸರೋಜಾ.

ಸರೋಜಾ ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೇ ಕ್ಲಾಸಿನಲ್ಲಿ, ನೀಲಿ ಪಿನಫೋರ್ ಹಾಕಿಕೊಂಡು, ಬೆರಳ ತುದಿ ಸುಲಿದು ಹೋದರೂ ಗಿಟಾರಿನಲ್ಲಿ ಕಷ್ಟದ ಎಫ್ ಕಾರ್ಡ್ ಬಿಡದೆ ಒತ್ತುತ್ತಿದ್ದ ಹುಡುಗಿ. ತಂದೆ ತಾಯಿ ಕೂಲಿ ಮಾಡಿ ಓದಿಸಿದರು. ಮುಂದೆ ಫಿಸಿಕ್ಸ್ ಲೆಕ್ಚರರ್ ಆಗಿ ದೇವದುರ್ಗದ ಕಾಲೇಜು ಸೇರಿದಳು, ಮದುವೆಯಾಗಿ ಮಾನ್ವಿಯಲ್ಲಿ ಮನೆ ಮಾಡಿದಳು. ಗಂಡ ಅಮರೇಶನ ಊರು ಹತ್ತಿರದ ಕುರ್ಡಿ. ಅಲ್ಲಿಯ ಮಠದಲ್ಲಿ ಸೋಮವಾರ ಸಂಜೆ ಭಜನೆ. ಹಾರ್ಮೋನಿಯಂ, ತಬಲ, ತಾಳದ ನಡುವೆ ಇವಳು ಪುಟ್ಟ ಆಂಪ್ಲಿಫೈಯರ್ ಇಟ್ಟುಕೊಂಡು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂತಾಗ ಮೊದಮೊದಲು ಊರವರು ನಕ್ಕಿದ್ದರಂತೆ. ಆಮೇಲೆ ಅವಳು ಬಾರದ ವಾರ ಭಜನೆ ಸಪ್ಪೆ ಎನ್ನತೊಡಗಿದರಂತೆ.

ಅಂಥವಳು ಸ್ಕೂಟಿಯಿಂದ ಬಿದ್ದು ಎಡಗಡೆಯ ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು. ನಡೆಯಬಹುದು, ಆದರೆ ಎಡಗಾಲು ಮಡಚುವಂತಿಲ್ಲ ಎಂದರು ಡಾಕ್ಟರು. ತಿಂಗಳುಗಟ್ಟಲೆ ಭಜನೆಗೆ ಹೋಗಿರಲಿಲ್ಲ. ಕೋಲೂರಿಕೊಂಡು ನನ್ನ ಶೆಡ್ಡಿಗೆ ಬಂದವಳು ಹೇಳಿದ್ದು ಇಷ್ಟೇ:

"ಮಿಸ್, ಹಳೀ ಗಿಟಾರ್ ಭಾಳ ಭಾರ ಆಗಾಕತ್ತದ. ಜಾರ್ತದ. ನನಗ ಹೊಂದೂವಂಥದ್ದು ಒಂದು ಮಾಡಿಕೊಡ್ರಿ."

ಇಲ್ಲಿ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಸಾಮಾನ್ಯ ಗಿಟಾರಿನ ಬಾಡಿ ಎಂಬ ಮರದ ಒಡಲಿಗೆ ನಡು ಇರುತ್ತದೆ, ಎರಡೂ ಕಡೆ ಎದುರುಬದುರಾಗಿ ಒಳಕ್ಕೆ ಬಾಗಿದ್ದು. ಕೂತಾಗ ಕೆಳಗಿನ ನಡು ತೊಡೆಯ ಮೇಲೆ ಬರುತ್ತದೆ. ಆಫ್‌ಸೆಟ್ ಬಾಡಿ ಎಂದರೆ ಆ ಎರಡು ನಡುಗಳು ಎದುರುಬದುರಾಗಿಲ್ಲದ್ದು. ಯಾರೋ ಮೇಲಿನ ಅರ್ಧವನ್ನು ಕತ್ತಿನ ಕಡೆಗೂ ಕೆಳಗಿನ ಅರ್ಧವನ್ನು ಬಾಲದ ಕಡೆಗೂ ಎಳೆದುಬಿಟ್ಟ ಹಾಗೆ ಓರೆಯಾಗಿ ಕಾಣುತ್ತದೆ. ಬಲ ಮುಂಗೈಗೆ ಅದು ಆರಾಮ, ಮೈಗೆ ಒತ್ತುವುದಿಲ್ಲ. ಸೊಂಟ ನೊಂದವಳಿಗೆ ಇದಕ್ಕಿಂತ ಒಳ್ಳೆಯದಿಲ್ಲ ಅಂದುಕೊಂಡೆ. ಪೇಪರಿನ ಮೇಲೆ ಗೆರೆ ಎಳೆದು, ಪ್ಲೈವುಡ್ಡಿನಲ್ಲಿ ಮಾದರಿಯ ಟೆಂಪ್ಲೇಟ್ ಕೊಯ್ಯಿಸಲು ದೇವದುರ್ಗದ ಮೌಲಾಸಾಬನ ಬಳಿಗೆ ಕಳಿಸಿದೆ. ನನ್ನ ಬಾಡಿಗಳನ್ನೆಲ್ಲ ಕೊಯ್ದುಕೊಡುವ ಬಡಿಗ ಅವನು. ತಕ್ಷಣ ಫೋನ್ ಬಂತು.

"ಅಮ್ಮಾ, ಗೆರಿ ಡೊಂಕ ಎಳದೀರಿ. ಕನ್ನಡಕದ ನಂಬರ್ ಬದಲಾಗ್ಯಾದ ಏನು?"

"ಡೊಂಕೇ ಬೇಕಪ್ಪ. ಹಾಗೇ ಕೊಯ್ದು ಕಳಿಸು."

"ಹುಕುಂ. ಆಮ್ಯಾಲೆ ಮೌಲಾಸಾಬ ಕೆಡಿಸಿದ ಅನಬ್ಯಾಡ್ರಿ."

ಮುಂದಿನ ಭಾನುವಾರ ಸರೋಜಾ, ಅಮರೇಶ ಇಬ್ಬರೂ ಬಂದರು. ಟೆಂಪ್ಲೇಟಿಗೆ ಒಂದು ಹಳೆಯ ಕತ್ತು, ಅಂದರೆ ನೆಕ್, ಬಿಗಿದು, ಬಾಡಿಯ ತೂಕ ಬರಲಿ ಎಂದು ಎರಡು ಬದಿಗೂ ಮರಳಿನ ಚೀಲ ಕಟ್ಟಿದ್ದೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೈಗೆ ಕೊಟ್ಟೆ. ಪರ್ಫೆಕ್ಟ್. ಎಲ್ಲಿ ಕೂರಬೇಕೋ ಅಲ್ಲಿ ಕೂತಿತ್ತು. ಅಮರೇಶ ಮೊಬೈಲಿನಲ್ಲಿ ಫೋಟೋ ಹೊಡೆದ. ಸರೋಜಾ ಮಾತ್ರ ಕುರ್ಚಿಯ ಕಾಲು ನೋಡುತ್ತಿದ್ದಳು.

"ಏನಾಯ್ತಮ್ಮ?" ಎಂದೆ.

"ಕುರ್ಚಿಮ್ಯಾಗ ಛಲೋ ಅದ ಮಿಸ್. ಆದ್ರ ಮಠದಾಗ ನಾ ಕುರ್ಚಿಮ್ಯಾಗ ಕುಂದ್ರಂಗಿಲ್ಲ."

"ಮಂದಿ ಬ್ಯಾಡ ಅಂದಾರೇನ?" ಅಮರೇಶ ನಡುವೆ ಬಾಯಿ ಹಾಕಿದ. "ನೋಡ್ರಿ ಮಿಸ್, ಭಜನಿ ನಡಸೂ ಶರಣಪ್ಪ ಮಾವ ತಾನ ಹೇಳ್ಯಾನ, ಕುರ್ಚಿ ಹಾಕಿಸ್ತೀನಿ ಬಾರವ್ವಾ ಅಂತ. ಇಕಿ ಒಲ್ಲೆ ಅಂತಾಳ. ಮನ್ಯಾಗ ದಿನಾ ನನ್ನ ತಲಿಮ್ಯಾಗ ಕುಂದ್ರತಾಳ, ಅಲ್ಲಿ ಕುರ್ಚಿಮ್ಯಾಗ ಕುಂದ್ರಾಕ ನಾಚಿಕಿ."

"ನೀ ಸುಮ್ಕಿರು. ಗದ್ದಿಗಿ ಮುಂದ ಎಲ್ಲಾರೂ ಜಮಖಾನಿಮ್ಯಾಗ ಕುಂತಿರ್ತಾರ್ರೀ ಮಿಸ್. ಎಂಬತ್ತು ವರ್ಷದ ಶರಣಪ್ಪ ಮಾವ ನೆಲಕ್ಕ ಕುಂತು ಹಾರ್ಮೋನಿಯಂ ಪೆಟ್ಟಿಗಿ ಬಾರಿಸ್ತಾನ. ನಾ ಒಬ್ಬಾಕಿ ಮ್ಯಾಲ ಕುಂತ್ರ ನನ್ನ ಕಾಲು ಅವನ ಮಾರಿ ಮಟ್ಟಕ್ಕ ಬರ್ತದ. ಹಂಗ ಕುಂತು ಹಾಡ ಬರತದೇನ್ರೀ?"

ಗಿಟಾರಿನ ಆಕಾರ ಬರೆದ ವಿದೇಶದ ಮಂದಿಯ ತಲೆಯಲ್ಲಿ ಎರಡೇ ಭಂಗಿ ಇದ್ದವು: ಒಂದು ಕುರ್ಚಿ, ಇನ್ನೊಂದು ಹೆಗಲಿಗೆ ಪಟ್ಟಿ ಹಾಕಿಕೊಂಡು ನಿಲ್ಲುವುದು. ಅವರ ಪುಸ್ತಕ ಓದಿ ಕಲಿತ ನನಗೂ ಅವೆರಡೇ. ಜಮಖಾನೆ ಯಾವ ಡ್ರಾಯಿಂಗಿನಲ್ಲೂ ಇರಲಿಲ್ಲ.

ಚಾಪೆ ಹಾಸಿದೆ. ಗಂಡನ ಭುಜ ಹಿಡಿದು ನಿಧಾನ ಕೆಳಗಿಳಿದಳು. ಬಲಗಾಲು ಮಡಚಿಕೊಂಡು, ಎಡಗಾಲು ಉದ್ದಕ್ಕೆ ಚಾಚಿ ಕೂತಳು. ಟೆಂಪ್ಲೇಟ್ ಬಲ ತೊಡೆಯ ಮೇಲಿಟ್ಟೆವು. ನೆಕ್ ಸೀದಾ ನೆಲದ ಕಡೆಗೆ ವಾಲಿತು. ಕುರ್ಚಿಯಲ್ಲಿ ತೊಡೆ ಮಟ್ಟಸ. ಇಲ್ಲಿ ಮಡಚಿದ ತೊಡೆ ಇಳಿಜಾರು, ಆಸರೆಗೆ ಎಡ ಮೊಣಕಾಲೂ ಇಲ್ಲ. ಎಡಗೈಯಿಂದ ನೆಕ್ ಎತ್ತಿ ಹಿಡಿದರೆ ಮಾತ್ರ ನಿಲ್ಲುತ್ತದೆ. ಎತ್ತಿ ಹಿಡಿದ ಕೈ ತಂತಿ ಒತ್ತುವುದೆಂತು? ಎರಡು ಮೂರು ಸಲ ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

"ಬಿಡ್ರಿ ಮಿಸ್. ಮಾನ್ವಿಯಿಂದ ಕೀಬೋರ್ಡಿನವ ಒಬ್ಬ ಬರಾಕತ್ತ್ಯಾನ. ದೀಪಾವಳಿಯಿಂದ ಅವನ್ನ ಕಾಯಂ ಮಾಡ್ತಾರಂತ. ನಡೀಲಿ."

ಬೆರಳು ಸುಲಿದಾಗಲೂ ಬಿಡದಿದ್ದ ಹುಡುಗಿ ಅಂದು ಬಿಡುತ್ತೇನೆ ಅಂದಳು. ಅಮರೇಶ ಟೆಂಪ್ಲೇಟ್ ಎತ್ತಿ ಗೋಡೆಗೆ ಒರಗಿಸಿದ.

ನಾನು ಚಹಾ ಇಟ್ಟೆ. ಕುದಿಯುವಷ್ಟರಲ್ಲಿ ಯೋಚನೆ ಬಂತು. ತೊಡೆಯ ಮೇಲಿನ ಗಿಟಾರ್ ಎಂದರೆ ಮಕ್ಕಳಾಡುವ ಏರಿಳಿ ಹಲಗೆ. ಕೆಳಗಿನ ನಡುವೇ ಅದರ ಕಂಬ. ಆಫ್‌ಸೆಟ್‌ನಲ್ಲಿ ಆ ಕಂಬ ಬಾಲದ ಕಡೆಗೆ ಸರಿದಿದೆ, ಅದಕ್ಕೇ ಕತ್ತಿನ ಕಡೆ ಭಾರ ಹೆಚ್ಚು. ಕಂಬವನ್ನು ಕತ್ತಿನ ಕಡೆಗೆ ತಂದರೆ? ಒಲೆ ಆರಿಸಿ ಬಂದು, ನೆಕ್ ಬಿಚ್ಚಿ, ಟೆಂಪ್ಲೇಟನ್ನು ದೋಸೆ ಮಗುಚುವಂತೆ ಮಗುಚಿ, ಮತ್ತೆ ಬಿಗಿದೆ. ಈಗ ಓರೆ ಉಲ್ಟಾ. ಕೆಳಗಿನ ನಡು ಮುಂದಕ್ಕೆ ಬಂತು, ಭಾರವೆಲ್ಲ ಹಿಂದಕ್ಕೆ ಹೋಯಿತು.

"ಇನ್ನೊಂದ್ಸಲ ತಗೋ. ಈಗ ಎಡಗೈ ಬಿಡು."

ಬಿಟ್ಟಳು. ನೆಕ್ ಕೆಳಗಿಳಿಯಲಿಲ್ಲ. ಬೆರಳುಗಳು ತಾವಾಗಿ ಯಾವುದೋ ಕಾರ್ಡ್ ಹುಡುಕತೊಡಗಿದವು, ತಂತಿಯೇ ಇಲ್ಲದ ನೆಕ್ಕಿನ ಮೇಲೆ.

ಆದರೆ ಕೆಲಸದಲ್ಲಿ ಸತ್ಯ ಮುಚ್ಚಿಡಬಾರದು. "ಸರೋಜಾ, ಲಿಸನ್," ಎಂದೆ. "ಇದನ್ನು ಪಟ್ಟಿ ಹಾಕಿಕೊಂಡು ನಿಂತು ನುಡಿಸೋಕಾಗಲ್ಲ. ಪಟ್ಟಿ ಸಿಕ್ಕಿಸೋ ಮೇಲಿನ ಕೊಂಬು ಗಿಡ್ಡ, ನಿಂತರೆ ಮತ್ತೆ ವಾಲುತ್ತೆ. ಕೆಳಗಿನ ಕೊಂಬು ಅಡ್ಡ ಬಂದು ಬಾಡಿಯ ಹತ್ತಿರದ ಕೊನೆಯ ಫ್ರೆಟ್ಟುಗಳಿಗೆ ಬೆರಳು ಹೋಗಲ್ಲ, ಸೋಲೋ ಗೀಲೋ ಮರೆತುಬಿಡು. ಕಾಲೇಜು ಗ್ಯಾದರಿಂಗಿನಲ್ಲಿ ನಿಂತು ಬಾರಿಸ್ತೀಯಲ್ಲ, ಅದಕ್ಕೆ ಇದು ಬರೋದಿಲ್ಲ. ನಾರ್ಮಲ್ ಆಫ್‌ಸೆಟ್ ಬೇಕೋ, ಇದು ಬೇಕೋ, ನೀನೇ ಹೇಳು."

ಅಮರೇಶ ತಲೆ ಕೆರೆದುಕೊಂಡ. "ಎರಡಕ್ಕೂ ಬರೂವಂಥದ್ದು ಆಗಂಗಿಲ್ಲೇನ್ರೀ? ಸ್ಟೇಜಿನ್ಯಾಗ ಇಕಿ ಬಾರ್ಸಿದ್ರ ಮಂದಿ ಸಿಳ್ಳಿ ಹೊಡೀತಾರ. ಕುರ್ಡ್ಯಾಗ ಯಾರು ಹೊಡೀತಾರ?"

ಸರೋಜಾ ಪ್ಲೈವುಡ್ಡಿನ ಅಂಚು ಸವರುತ್ತ ಕೂತಿದ್ದಳು. "ಗ್ಯಾದರಿಂಗ್‌ನ್ಯಾಗ ವರ್ಷಕ್ಕೊಮ್ಮಿ ನಿಂದರ್ತೀನ್ರೀ ಮಿಸ್. ಸೋಮವಾರ ವಾರವಾರ ಬರ್ತದ. ಶರಣಪ್ಪ ಮಾವನ ಬಾಜೂಕ ನನ್ನ ಜಾಗ ಅದ. ಇದನ್ನ ಮಾಡ್ರಿ."

ಹಗುರವಾದ ಶಿವನಿ ಮರ ಆರಿಸಿದೆ. ನಮ್ಮ ಕಡೆ ವೀಣೆಗೂ ಬಳಸುವ ಮರ ಅದು. ತಂತಿಯ ಉದ್ದ ಇಪ್ಪತ್ನಾಲ್ಕು ಇಂಚು, ಸಾಮಾನ್ಯಕ್ಕಿಂತ ಗಿಡ್ಡ. ಎಡಗೈ ಹೆಚ್ಚು ಚಾಚಬಾರದೆಂದು. ಟೆಂಪ್ಲೇಟ್ ನೋಡಿದ ಮೌಲಾಸಾಬ, "ಮೊದಲ ಡೊಂಕ ಅಂದ್ರಿ, ಈಗ ಉಲ್ಟಾ ಡೊಂಕ ಅಂತೀರಿ. ಒಮ್ಮಿ ನೀಟ ಬೇಕು ಅನ್ರಿ ಅಮ್ಮಾ, ಈದ್ ಬಂದಷ್ಟು ಖುಷಿಯಿಂದ ಕೊಯ್ತೀನಿ" ಎಂದ. ಆದರೂ ಅಂಚು ಮೇಣದಂತೆ ನುಣುಪಾಗಿ ತಿದ್ದಿ ಕಳಿಸಿದ್ದ. ಶೆಡ್ಡಿನ ತುಂಬ ಹೊಸ ಮರದ ವಾಸನೆ. ಈಗ ವಯಸ್ಸಾಯಿತು, ಉಳಿ ಹಿಡಿಯುವುದಿಲ್ಲ. ಎಲ್ಲಾದರೂ ಬಡಿಗರ ಅಂಗಡಿ ದಾಟುವಾಗ ಆ ವಾಸನೆ ಬಂದರೆ ನಿಂತುಬಿಡುತ್ತೇನೆ.

ದೀಪಾವಳಿಗೆ ಮುಂಚಿನ ಸೋಮವಾರ ನನ್ನನ್ನೂ ಕುರ್ಡಿಗೆ ಕರೆದೊಯ್ದರು. ನಾನು ಗೋಡೆಗೊರಗಿ ಕೂತೆ. ನನ್ನ ಲೆಕ್ಕದಲ್ಲಿ ಅಂದು ಎಲ್ಲರೂ ಆ ಗಿಟಾರನ್ನೇ ನೋಡಬೇಕಿತ್ತು. ಇಡೀ ಜಿಲ್ಲೆಯಲ್ಲಿ ಅಂಥ ಆಕಾರ ಇನ್ನೊಂದಿರಲಿಲ್ಲ. ಸರೋಜಾ ಒಂದು ಕಾಲು ಚಾಚಿ ಕೂತಳು. ಕೀಬೋರ್ಡಿನ ತರುಣ ತನ್ನ ವೈರುಗಳನ್ನು ಎತ್ತಿಕೊಂಡು ಆಚೆ ಸರಿದು ಜಾಗ ಬಿಟ್ಟ. ಒಬ್ಬರಾದರೂ ಇದೇನು ಹೀಗಿದೆ ಎಂದು ಕೇಳಲಿಲ್ಲ. ಶರಣಪ್ಪನವರು ಹಾರ್ಮೋನಿಯಂ ಮೇಲಿಂದ ಕತ್ತು ಹೊರಳಿಸಿ ಅವಳ ಮುಖ ನೋಡಿದರು.

"ಬಂದ್ಯಾ ಯವ್ವಾ. ಶ್ರುತಿ ಒಂದೀಟು ಇಳಸು. ನೀ ಇಲ್ಲದಾಗ ನನ್ನ ದನಿ ಕೆಳಗ ಹೋಗ್ಯಾದ."

ಅವಳು ತಂತಿ ಸಡಿಲಿಸಿದಳು. ಭಜನೆ ಶುರುವಾಯಿತು.

ಆಮೇಲೆಯೂ ಕೆಲವು ಆರ್ಡರ್ ಬಂದವು. ಹುಡುಗರು ಮೊಬೈಲಿನಲ್ಲಿ ಚಿತ್ರ ತೋರಿಸಿ, ಆಂಟಿ, ಈ ಶೇಪ್ ಮಾಡ್ತೀರಾ ಎನ್ನುತ್ತಿದ್ದರು. ಮಾಡೋಣ, ಅದಕ್ಕೆ ಮೊದಲು ಹೇಳಿ, ಎಲ್ಲಿ ಕೂತು ನುಡಿಸುತ್ತೀರಿ, ನಿಮ್ಮ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತಿದ್ದೆ. ಕೆಲವರು ನಗುತ್ತಿದ್ದರು, ಕೆಲವರು ಸ್ವಲ್ಪ ಯೋಚಿಸಿ ಹೇಳುತ್ತಿದ್ದರು. ಹೇಳಿದ ಮೇಲೆಯೇ ನಾನು ಪೆನ್ಸಿಲ್ ತೆಗೆಯುತ್ತಿದ್ದದ್ದು.