ಖಾಜಾಬಿಯವರ ಹೆಸರಿನ ಮುಂದೆ ನಾನು ಹಾಕಿದ ಗುರುತು

ಖಾಜಾಬಿಯವರನ್ನು ಕೇಳದೆಯೇ ಅವರ ಹೆಸರಿನ ಮುಂದೆ ‘ಒಪ್ಪಿಗೆ ಇದೆ’ ಎಂದು ಗುರುತು ಹಾಕಿದವಳು ನಾನು. ಹನ್ನೊಂದು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ.

ರಾಯಚೂರಿನ ಸರಕಾರಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನಾನು ಟೆಕ್ನಿಷಿಯನ್. ಆಪರೇಷನ್ ಮಾಡಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ಜೋಪಾನವಾಗಿಡುವುದು ನನ್ನ ಕೆಲಸ. ಅದನ್ನು ಸಂಶೋಧನೆಗೆ ಕೊಡಬೇಕಾದರೆ ರೋಗಿಯ ಒಪ್ಪಿಗೆ ಬೇಕು. ದೇವದುರ್ಗದಲ್ಲಿ ಬಳೆ ಅಂಗಡಿ ಇಟ್ಟಿದ್ದ ಖಾಜಾಬಿಯವರು ಎದೆಯ ಗಡ್ಡೆ ತೆಗೆಸಿಕೊಂಡು ಊರಿಗೆ ಹೊರಟ ದಿನ ಅವರ ಮುಂದೆ ಫಾರ್ಮು ಹಿಡಿದೆ.

“ಏನ್ ಬರ್ದಾರ ಇದರಾಗ?”

“ಎಲ್ಲಾರೂ ಮಾಡ್ತಾರ, ಸಹಿ ಮಾಡ್ರಿ.”

ಓದಿ ಹೇಳಲು ಐದು ನಿಮಿಷ ಸಾಕಿತ್ತು. ಆದರೆ ಪಕ್ಕದ ಕೋಣೆಯಲ್ಲಿ ಗೆಳತಿಯರು ಬುತ್ತಿ ಬಿಚ್ಚಿ ನಗುತ್ತಿದ್ದರು. ಖಾಜಾಬಿಯವರು ಸಹಿ ಮಾಡಿದರು; ‘ಒಪ್ಪಿಗೆ ಇದೆ’, ‘ಇಲ್ಲ’ ಎಂಬೆರಡರಲ್ಲಿ ಯಾವುದೆಂದು ಕೇಳದೆ ನಾನೇ ಗುರುತು ಹಾಕಿದೆ — ಅಷ್ಟೇ.

ಕಳೆದ ತಿಂಗಳು ಹಳೆಯ ಒಪ್ಪಿಗೆ ಪತ್ರಗಳನ್ನೆಲ್ಲ ಪರಿಶೀಲಿಸಿದೆವು. ಅವರದೂ ಸರಿಯಾಗಿತ್ತು — ಕಾಗದದ ಮೇಲೆ. ಸುಮ್ಮನಿರಬಹುದಿತ್ತು. ಆಗಲಿಲ್ಲ. ನಮ್ಮ ಪ್ರಯೋಗಾಲಯದ ಡಾಕ್ಟರಿಗೆ ಹೇಳಿದೆ. “ಹೋಗಿ ನೀವೇ ಹೇಳಿ ಬರ್ರಿ” ಎಂದರು.

ದೇವದುರ್ಗದ ಅಂಗಡಿಯಲ್ಲಿ ಕುಳಿತಿದ್ದ ಖಾಜಾಬಿಯವರು ದುಂಡಗಾಗಿದ್ದರು, ಆರೋಗ್ಯವಾಗಿದ್ದರು. ನಾನು ಕೇಳದೆ ಗುರುತು ಹಾಕಿದ್ದನ್ನೂ ಗಡ್ಡೆಯ ಚೂರು ಇನ್ನೂ ನಮ್ಮಲ್ಲಿರುವುದನ್ನೂ ಕೇಳಿ, ಕೈಯ ಬಳೆ ಸದ್ದಾಗುವಂತೆ ನಕ್ಕರು.

“ಆ ಹಾಳ ಗಡ್ಡಿ ಇನ್ನೂ ಅದ ಏನ? ನನಗಿಂತ ಗಟ್ಟಿ ಅದ ಬಿಡು. ಕುಂದ್ರು, ಚಾ ಕುಡಿ. ಈಗ ಓದು.”

ಪ್ರತಿ ಸಾಲನ್ನೂ ಓದಿದೆ. ಹೆಸರು ಹೊರಗೆ ಬರುತ್ತದೆಯೇ, ಮಾರುತ್ತಾರೆಯೇ, ಬೇಡವೆಂದರೆ ವಾಪಸ್ ಕೊಡುತ್ತೀರಾ — ಎಲ್ಲ ಕೇಳಿದರು. ಕಡೆಗೆ ಅಂದರು: “ಬ್ಯಾಡ. ಮೈಯಿಂದ ತೆಗೆದದ್ದನ್ನ ನಾವು ಮಣ್ಣಿಗೆ ಕೊಡ್ತೀವಿ.”

ಆಗ ಉಳಿದರ್ಧವನ್ನೂ ಹೇಳಬೇಕಾಯಿತು. “ಖಾಲಾ, ಅದರಿಂದ ಕೆಲವು ತೆಳು ಪದರು ಕೊಯ್ದು ಒಂದು ಸಂಶೋಧನಿಗೆ ಕೊಟ್ಟೀವಿ. ಅವು ವಾಪಸ್ ಬರಂಗಿಲ್ಲ.”

ಅವರ ನಗು ನಿಂತಿತು.

“ಆವಾಗ ಕೇಳಿದ್ರ ಆಗ್ತಿತ್ತಲ್ಲ, ಬೇಟಿ.”

ಆಮೇಲೆ ನನ್ನ ಕೈ ಎಳೆದುಕೊಂಡು, “ಸರಕಾರಿ ಕೈ, ಬಾಳ ಬಿರುಸ” ಎನ್ನುತ್ತ ಹಸಿರು ಬಳೆ ಏರಿಸಿದರು. ಹಣ ಕೊಡಹೋದರೆ ಬೈದರು.

ಪರೀಕ್ಷೆಗಾಗಿ ಇಡಬೇಕಾದ ಅವಧಿ ಮುಗಿದಿದ್ದರಿಂದ, ಡಾಕ್ಟರ ಅನುಮತಿ ಪಡೆದು ಮೇಣದ ಆ ಪುಟ್ಟ ಬಿಲ್ಲೆಯನ್ನು ನಾನೇ ಒಯ್ದು ಖಾಜಾಬಿಯವರಿಗೆ ಕೊಟ್ಟೆ. ಅವರ ಮಗ ಗುಂಡಿ ತೋಡಿದ. ಖಾಜಾಬಿಯವರು ಬಿಳಿ ಬಟ್ಟೆ ಸುತ್ತಿ ಇಟ್ಟು ಮೂರು ಹಿಡಿ ಮಣ್ಣು ಹಾಕಿದರು. ಆಮೇಲೆ ಒಳಗೆ ಕರೆದು ಹೊಟ್ಟೆತುಂಬ ಉಣಿಸಿ, ಊರ ಸುದ್ದಿ ಹೇಳಿ ನಗಿಸಿದರು.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಹಕ್ಕು ನನಗಿದೆ ಎಂದು ನನಗೂ ಅನಿಸಲಿಲ್ಲ.