ದೋಣಿಗೆ ನೀರು ಕುಡಿಸಿದ್ದು

ಬೆಳಗಾದರೆ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾಯುವ ಊರು ನಮ್ಮದು. ಅಂಥ ಬಳ್ಳಾರಿಯಲ್ಲಿ, ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ, ಒಂದು ದಿನ ಊಟಕ್ಕೆ ಕೂತ ನನ್ನ ಗಂಡ ದೋಣಿ ಕೊಳ್ಳುವ ಮಾತು ತೆಗೆದರು. ನಮ್ಮ ಕಡೆ ದೋಣಿ ಎಂದರೆ ಎತ್ತುಗಳು ನೀರು ಕುಡಿಯುವ ಕಲ್ಲಿನ ತೊಟ್ಟಿ. ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದರು.

"ಎತ್ತು ಎಲ್ಲದಾವಲೇ?"

"ಎತ್ತಿಂದಲ್ಲವ್ವ. ಹೊಳ್ಯಾಗ ಬಿಡೋದು. ಮಷಿನ್ ಇರತೈತಿ."

"ಯಾಕ ಬೇಕು?"

"ಸುಮ್ನ. ಮಜಾಕ್ಕ."

ಮಜಾಕ್ಕೆ ಎನ್ನುವ ಕಾರಣಕ್ಕೆ ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಏನನ್ನೂ ಕೊಂಡಿರಲಿಲ್ಲ. ಕುರ್ಚಿ ಕೊಂಡರೂ ಬೀಗರು ಬಂದಾಗ ಬೇಕಾಗುತ್ತದೆ ಎಂದು ಕೊಂಡವರು ನಾವು. ಅತ್ತೆ ರೊಟ್ಟಿ ತಿರುವಿ ಹಾಕಿದರು.

ನನ್ನ ಗಂಡನದು ಆಯಿಲ್ ಎಂಜಿನ್ ರಿಪೇರಿಯ ಶೆಡ್ಡು. ಹೊಲದ ಬಾವಿಯ ಪಂಪು, ಹತ್ತಿ ಜಿನ್ನಿನ ಎಂಜಿನ್ನು, ಹಿಟ್ಟಿನ ಗಿರಣಿ, ಎಲ್ಲವೂ ಅವರ ಕೈಗೆ ಬರುತ್ತಿದ್ದವು. ಯಾವುದೋ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಒಬ್ಬ ದೊರೆ ತನ್ನ ಹೆಂಡತಿಯನ್ನು ಮೋಟಾರು ದೋಣಿಯಲ್ಲಿ ಕೂರಿಸಿಕೊಂಡು ಹೋಗುವ ಫೋಟೋ ಬಂದಿತ್ತು. ಅದನ್ನು ಕತ್ತರಿಸಿ ಶೆಡ್ಡಿನ ಗೋಡೆಗೆ ಅಂಟಿಸಿಕೊಂಡಿದ್ದರು. ಆಕೆಯ ಕೂದಲು ಗಾಳಿಗೆ ಹಾರುತ್ತಿತ್ತು. ನನ್ನ ಸೆರಗು ಹಾಗೆ ಹಾರಿದರೆ ಸಿರುಗುಪ್ಪದ ತನಕ ಸುದ್ದಿಯಾಗುತ್ತದೆ ಎಂದು ನಾನು ಅವರನ್ನು ಕಾಡುತ್ತಿದ್ದೆ. ಒಳಗೊಳಗೆ ನನಗೂ ಆಸೆಯಿತ್ತು, ಸುಳ್ಳೇಕೆ ಹೇಳಲಿ.

ಎರಡು ದಿನ ಬಿಟ್ಟು ಅತ್ತೆ ತಾವಾಗಿಯೇ ಮಗನನ್ನು ಕೇಳಿದರು. "ಆ ದೋಣಿ ತಿರುಗತೈತೇನು?"

"ಇಲ್ಲವ್ವ. ನೆಟ್ಟಗ ಹೋಕ್ಕತಿ."

"ಹಂಗಾರ ತಗೊಳ್ಳೋ ಮುಂದ ನನ್ನೂ ಕರಕೊಂಡು ಹೋಗು."

ಆಗ ನನಗೆ ಹೊಳೆಯಿತು. ಅತ್ತೆಯ ತವರು ಸಿರುಗುಪ್ಪದಾಚೆ, ತುಂಗಭದ್ರೆಯ ಆ ದಂಡೆಯಲ್ಲಿತ್ತು. ಹೋಗಿಬರುವುದೆಲ್ಲ ಚರ್ಮ ಹೊದಿಸಿದ ದುಂಡನೆಯ ಹರಿಗೋಲಿನಲ್ಲಿ. ನನ್ನ ಗಂಡ ಕೈಗೂಸಾಗಿದ್ದಾಗ ಒಮ್ಮೆ ಅತ್ತೆ ಒಬ್ಬರೇ ತವರಿನಿಂದ ಬರುವಾಗ ಹರಿಗೋಲು ನಡುಹೊಳೆಯಲ್ಲಿ ಗಿರಗಿರನೆ ತಿರುಗಿ ಮಗುಚಿತು. ಅಂಬಿಗ ಜಡೆ ಹಿಡಿದು ಎಳೆದು ದಂಡೆಗೆ ಹಾಕಿದನಂತೆ. ಅಂದಿನಿಂದ ಅವರು ಹೊಳೆಗೆ ಕಾಲಿಡಲಿಲ್ಲ. ಬೇಸಿಗೆಯಲ್ಲೂ ಅಲ್ಲಿಯ ಮಡುವು ಬತ್ತುತ್ತಿರಲಿಲ್ಲ, ನಡೆದು ದಾಟುವ ಮಾತಿಲ್ಲ. ಅವರ ತಾಯಿ ತೀರಿಕೊಂಡ ಸುದ್ದಿ ಬಂದಾಗ ಗುಂತಕಲ್ಲಿಗೆ ಹೋಗಿ, ರೈಲು ಬದಲಿಸಿ ರಾಯಚೂರು ಸೇರಿ, ಅಲ್ಲಿಂದ ಬಂಡಿಯಲ್ಲಿ ಊರು ಮುಟ್ಟಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಅಲ್ಲಿ ಉಳಿದವರು ಅತ್ತೆಯ ಅಕ್ಕ ಒಬ್ಬರೇ. ಸೊಂಟ ಬಿದ್ದುಹೋಗಿ ಹಾಸಿಗೆ ಹಿಡಿದಿದ್ದರು. ಒಮ್ಮೆ ಬಂದು ಹೋಗು ಎಂದು ಅವರು ಎರಡು ಸಲ ಹೇಳಿಕಳಿಸಿದ್ದೂ ಆಗಿತ್ತು. ರೈಲಿನ ದಾರಿಯ ಹೆಸರೆತ್ತಿದರೆ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು.

ಮೊದಲು ನೋಡಿದ್ದು ಕೌಲ್ ಬಜಾರಿನ ಒಂದು ಅಂಗಡಿಯ ಹಿತ್ತಲಲ್ಲಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಮಾರುವ ಅಂಗಡಿ ಅದು. ತಗಡಿನ ದೋಣಿ, ಮೇಲೆ ಹೊಸ ಹಸಿರು ಬಣ್ಣ, ಹಿಂದೆ ತಗುಲಿಸಿದ ವಿಲಾಯತಿ ಮೋಟಾರು. ಅಂಗಡಿಯವನು ಹಗ್ಗ ಎಳೆದದ್ದೇ ಗುಡುಗುಡು ಎಂದು ಶುರುವಾಯಿತು. ನನಗಂತೂ ನೋಡಿದ ಕೂಡಲೇ ಮನಸ್ಸಾಯಿತು. ಬೆಲೆಯೂ ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಕೊಂಡುಬಿಡೋಣ ಎಂದು ಗಂಡನ ಕಿವಿಯಲ್ಲಿ ಹೇಳಿಯೂ ಬಿಟ್ಟೆ.

ಅತ್ತೆ ಮಾತ್ರ ದೋಣಿಯ ಸುತ್ತ ಕೂತು ಕೂತು ಸರಿಯುತ್ತ, ಸಂತೆಯಲ್ಲಿ ಕೊಡ ಬಾರಿಸಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ಟಣ್ ಟಣ್ ಎಂದು ಬಡಿಯುತ್ತ ಬಂದರು. ಅಂಗಡಿಯವನು ಮುಸಿಮುಸಿ ನಗುತ್ತಿದ್ದ. ದೋಣಿಯ ಹೊಟ್ಟೆಯ ಕೆಳಭಾಗಕ್ಕೆ ಬಂದಾಗ ಸದ್ದು ಮಂಕಾಯಿತು. ಅತ್ತೆ ಅಲ್ಲಿಯೇ ಮತ್ತೆ ಮತ್ತೆ ಬಡಿದರು.

"ಇಲ್ಲಿ ಏನ ಮೆತ್ತೀಯಪ್ಪ?"

"ಬಣ್ಣ ಐತಮ್ಮ. ಮಿಲಿಟರಿ ಮಾಲು, ಏನೂ ಆಗಂಗಿಲ್ಲ."

"ಬಣ್ಣ ಇಷ್ಟ ದಪ್ಪ ಇರತೈತೇನು?"

ನನ್ನ ಗಂಡ ಚಾಕುವಿನಿಂದ ಕೆರೆದರೆ ಹಸಿರಿನ ಕೆಳಗೆ ಸಂದು ಮೆತ್ತುವ ಲಪ್ಪ ಇತ್ತು, ಲಪ್ಪದ ಕೆಳಗೆ ಹೆಬ್ಬೆರಳು ತೂರುವಷ್ಟು ತೂತು. ಅಂಗಡಿಯವನ ನಗು ನಿಂತಿತು. ಆ ಮೋಟಾರಿನ ಬಿಡಿ ಭಾಗಗಳು ಮದರಾಸಿನಲ್ಲೂ ಸಿಗುವುದು ಕಷ್ಟ ಎಂದು ನನ್ನ ಗಂಡ ದಾರಿಯಲ್ಲಿ ಹೇಳಿದರು. ಅದನ್ನು ಮೊದಲೇ ಹೇಳಬಾರದಿತ್ತೇ ಎಂದು ನಾನು ಸಿಡುಕಿದೆ. ಆ ಹಸಿರು ಬಣ್ಣ ನನ್ನ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ.

ಎರಡನೆಯದು ಕುರುಗೋಡಿನಲ್ಲಿ, ಒಬ್ಬ ಸಾಹುಕಾರರ ಹತ್ತಿಯ ಗೋದಾಮಿನಲ್ಲಿ ಬಿದ್ದಿತ್ತು. ಅವರು ಒಂದು ಕಾಲದಲ್ಲಿ ಶೋಕಿಗೆಂದು ಮಂಗಳೂರಿನ ಕಡೆಯಿಂದ ತರಿಸಿದ ತೇಗದ ದೋಣಿ. ನಾಲ್ಕಾರು ಸಲ ಹೊಳೆಗೆ ಬಿಟ್ಟು ಬೇಸರವಾಗಿ ಮೂಲೆಗೆ ಹಾಕಿದ್ದರು. ಬಣ್ಣವೆಲ್ಲ ಸುಲಿದಿತ್ತು, ಒಳಗೆ ಇಲಿ ಮರಿ ಹಾಕಿತ್ತು. ಎಂಜಿನ್ನು ಮಾತ್ರ ಸೀಮೆಎಣ್ಣೆಯಲ್ಲಿ ಓಡುವಂಥದ್ದು, ನಮ್ಮ ಬಾವಿಯ ಪಂಪುಗಳ ಜಾತಿಯದೇ. ನನ್ನ ಗಂಡ ಅದರೊಳಗೆ ತಲೆ ತೂರಿಸಿದವರು ಅರ್ಧ ಗಂಟೆ ಹೊರಗೆ ಬರಲಿಲ್ಲ. ತಗಡಿನ ದೋಣಿಗಿಂತ ಇದರ ಬೆಲೆ ಹೆಚ್ಚು. ನನಗೆ ಸಿಟ್ಟು ಬಂತು. ಹೆಚ್ಚು ಹಣ ಕೊಟ್ಟು ಇಲಿಯ ಬಾಣಂತನ ಮಾಡಬೇಕೇ ಎಂದೆ.

"ನೀರು ಹಾಕ್ರಿ ಇದಕ್ಕ," ಎಂದರು ಅತ್ತೆ.

ನೀರು ಹೊರಗೆ ಸೋರದಿದ್ದರೆ ಒಳಗೂ ಬರುವುದಿಲ್ಲ, ಅವರ ಲೆಕ್ಕ ಇಷ್ಟೇ. ನನ್ನ ಗಂಡ ಎಂಜಿನ್ನು ಬಿಚ್ಚಿ ಇಳಿಸಿದ ಮೇಲೆ ಸಾಹುಕಾರರ ಆಳುಗಳು ದೋಣಿಯನ್ನು ಬಾವಿಯ ಹತ್ತಿರ ಎಳೆದು ತಂದು ಕೊಡಗಟ್ಟಲೆ ನೀರು ಸುರಿದರು. ಹಲಗೆಗಳ ಸಂದುಸಂದಿನಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಸಾಹುಕಾರರು ಮುಖ ತಿರುಗಿಸಿಕೊಂಡರು. ನನಗೆ ಒಳಗೇ ಗೆದ್ದಷ್ಟು ಸಂತೋಷ.

"ಅತ್ತೀ, ಇದು ದೋಣೀನೋ ಜರಡೀನೋ?" ಎಂದೆ.

"ಕುಡೀಲಿ ಬಿಡು. ಒಣಗಿ ಎಷ್ಟ ವರ್ಷ ಆಗೈತೋ ಏನೋ. ಬಂಡಿ ಗಾಲಿ ಸಡ್ಲ ಆದ್ರ ನಿಮ್ಮಪ್ಪ ಏನ ಮಾಡತಾನ? ಒಲಿಗೆ ಹಾಕತಾನೇನು?"

ನನ್ನ ಅಪ್ಪ ಬಾದನಹಟ್ಟಿಯ ಒಕ್ಕಲಿಗ. ಬೇಸಿಗೆಯಲ್ಲಿ ಗಾಲಿ ಸಡಿಲವಾದರೆ ರಾತ್ರಿಯೆಲ್ಲ ಕೆರೆಯಲ್ಲಿ ನೆನೆಸಿಡುತ್ತಿದ್ದ, ಕಟ್ಟಿಗೆ ಉಬ್ಬಿ ಕಬ್ಬಿಣದ ಪಟ್ಟಿಗೆ ಬಿಗಿಯಾಗಿ ಕೂರುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದು ನನಗೆ ನೆನಪಾಗಲಿಲ್ಲ, ಅತ್ತೆಗೆ ನೆನಪಾಯಿತು.

ನೆಂಟರ ಮನೆಯಲ್ಲಿ ಎರಡು ದಿನ ಉಳಿದೆವು. ಅತ್ತೆ ಹೊತ್ತು ಹೊತ್ತಿಗೆ ಬಾವಿಗೆ ಹೋಗಿ ತಾವೇ ಮುಂದೆ ನಿಂತು ನೀರು ಹಾಕಿಸುತ್ತಿದ್ದರು. ಮೊದಲ ಸಂಜೆ ಧಾರೆ ಹನಿಯಾಯಿತು. ಮರುದಿನ ಹನಿಯೂ ಅಲ್ಲೊಂದು ಇಲ್ಲೊಂದಾಯಿತು. ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ ದೋಣಿಯ ಕೆಳಗಿನ ಮಣ್ಣು ಒಣಗಿತ್ತು, ಒಳಗೆ ನೀರು ತುಂಬಿ ನಿಂತಿತ್ತು. ಅತ್ತೆ ಅದರ ಅಂಚಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಬೆಲೆ ಇಳಿಸಿ ಎಂದು ಅವರು ಕೇಳಲೇ ಇಲ್ಲ, ಸೊಪ್ಪಿನವಳ ಹತ್ತಿರವೂ ಚೌಕಾಸಿ ಮಾಡುವ ಹೆಂಗಸು.

ದೋಣಿಯನ್ನು ಬಂಡಿಯ ಮೇಲೆ ಬೋರಲು ಹಾಕಿ, ಆರದಂತೆ ಒದ್ದೆ ಗೋಣಿಚೀಲ ಹೊದಿಸಿ ಸಿರುಗುಪ್ಪಕ್ಕೆ ಸಾಗಿಸಿದೆವು. ಅಂಬಿಗನ ಕೈಯಲ್ಲಿ ಆಚೆ ದಂಡೆಗೆ, ಅತ್ತೆಯ ಅಕ್ಕನಿಗೆ, ನಾವು ಬರುವ ಸುದ್ದಿ ಹೋಯಿತು. ನನ್ನ ಗಂಡ ಎಂಜಿನ್ನು ಮತ್ತೆ ಕೂರಿಸಿ ಮೊದಲು ಒಬ್ಬರೇ ಎರಡು ಸುತ್ತು ಹೋಗಿಬಂದರು, ಆಮೇಲೆ ನನ್ನನ್ನು ಕೂರಿಸಿಕೊಂಡರು. ಗಾಳಿ ಮುಖಕ್ಕೆ ಹೊಡೆಯಿತು, ಸೆರಗು ನಿಜವಾಗಿಯೂ ಹಾರಿತು, ನಾನು ಅದನ್ನು ಹಿಡಿಯಲೂ ಇಲ್ಲ. ಮದುವೆಯಾದ ಮೇಲೆ ಅಷ್ಟು ಖುಷಿ ಪಟ್ಟದ್ದು ಅದೇ ಮೊದಲು. ಈಗಲೂ ಸೀಮೆಎಣ್ಣೆಯ ಹೊಗೆ ಮೂಗಿಗೆ ಬಡಿದರೆ ಆ ಬೆಳಗಿನ ಹೊಳೆ ನೆನಪಾಗುತ್ತದೆ.

ಅತ್ತೆಯ ಸರದಿ ಬಂದಾಗ ಅವರು ಮೊಣಕಾಲುದ್ದ ನೀರಿನಲ್ಲಿ ನಿಂತುಬಿಟ್ಟರು. ಅಷ್ಟೆಲ್ಲ ಪರೀಕ್ಷೆ ಮಾಡಿ ಆರಿಸಿದ ದೋಣಿ ಮುಂದಿದೆ, ಕಾಲು ಏಳಲೊಲ್ಲದು. ಅದುವರೆಗೆ ನಾನು ಅವರನ್ನು ಹೆದರಿದ ಹೆಂಗಸಾಗಿ ನೋಡಿರಲಿಲ್ಲ. ನಾನು ಇಳಿದು ಹೋಗಿ ಕೈ ಹಿಡಿದೆ. ಹತ್ತಿ ಕೂತವರು ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಬಿಗಿಹಿಡಿದರು, ಬಳೆ ಒಡೆದು ಚುಚ್ಚಿದರೂ ನಾನು ಕೈ ಬಿಡಿಸಿಕೊಳ್ಳಲಿಲ್ಲ. ಎಂಜಿನ್ನು ಒಂದೇ ಸಮನೆ ಓಡಿತು. ದೋಣಿ ತಿರುಗಲಿಲ್ಲ, ವಾಲಲಿಲ್ಲ. ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತೂ ಆಗಿರಲಿಲ್ಲ, ತಳ ಮರಳಿಗೆ ತಾಗಿತು.

"ಯಾಕ ನಿಲ್ಲಿಸಿದಿ?" ಎಂದರು ಅತ್ತೆ, ಕಣ್ಣು ತೆರೆಯದೆ.

"ಬಂತವ್ವ. ಇಳಿ."

ಅತ್ತೆ ಕಣ್ಣು ಬಿಟ್ಟರು. ತಿರುಗಿ ನಾವು ಬಿಟ್ಟು ಬಂದ ದಂಡೆಯನ್ನು ನೋಡಿದರು. ನಮ್ಮ ಬಂಡಿ, ಅದರ ಎತ್ತುಗಳು, ಎತ್ತಿನ ಕೊಂಬು ಕೂಡ ಅಲ್ಲಿಂದ ಕಾಣುತ್ತಿದ್ದವು.

"ಇಷ್ಟ ಐತೇನೋ?" ಎಂದು ಮಗನನ್ನು ಕೇಳಿದರು. "ಇಷ್ಟಕ್ಕ ನಾ ಅವ್ವನ ಮಾರಿ ನೋಡಲಿಲ್ಲ."

ಅಳು ಬಂದದ್ದು ಆಗ. ಎದೆ ಬಡಿದುಕೊಂಡು ಅಳುವ ಅಳುವಲ್ಲ, ಸುಮ್ಮನೆ ಕೂತಲ್ಲೇ ಸುರಿಯುವ ಅಳು. ನಾವಿಬ್ಬರೂ ಎಷ್ಟು ಕರೆದರೂ ಅವರು ದೋಣಿ ಬಿಟ್ಟು ಏಳಲಿಲ್ಲ. ಸ್ವಲ್ಪ ಮೇಲೆ, ಜಾಲಿ ಮರದ ನೆರಳಿನಲ್ಲಿ ಒಂದು ಹೊರಸು ಹಾಕಿದ್ದರು. ಅದರ ಮೇಲೆ ಬಿಳಿ ತಲೆಯ ಒಬ್ಬ ಮುದುಕಿ ಮೊಣಕೈ ಊರಿ ಅರ್ಧ ಎದ್ದು ನಮ್ಮ ಕಡೆಯೇ ನೋಡುತ್ತಿದ್ದರು. ಅವರೇ ಅತ್ತೆಯ ಅಕ್ಕ.

"ಇಳೀ ತಂಗಿ," ಎಂದು ಅವರು ಅಲ್ಲಿಂದಲೇ ಕರೆದರು. "ನಾ ಇನ್ನಾ ಅದೀನಲ್ಲ."